ಗಟ್ಟಿಯಾಗಿದ್ದರಷ್ಟೇ ಸಾಲದು

ಕೀ ಮುಟ್ಟಲೂ ಬಿಡದ ಅಪ್ಪ, ತಮ್ಮ ಹಳೇ ಬುಲೆಟ್‌ ರಿಪೇರಿಯನ್ನು ನನಗೇ ಒಪ್ಪಿಸಿದ್ದರು. ಕ್ಯಾಮ್‌ನ ಉಬ್ಬಿನ ಮೇಲೆ ಉಜ್ಜಿಕೊಂಡು ವಾಲ್ವ್‌ ಎತ್ತುವ ಟ್ಯಾಪೆಟ್‌ ಸವೆದಿತ್ತು. "ವಜ್ರದಂಥ ಇಂಗಾಲದ್ದು, ಡಿಎಲ್‌ಸಿ ಲೇಪನ ಇರೋದೇ ಹಾಕಿಸೋಣ" ಅಂದೆ. ಗಟ್ಟಿಯಿದ್ದಷ್ಟೂ ಬಾಳಿಕೆ ಅಂತ ನನ್ನ ಲೆಕ್ಕ.

ಮೆಕ್ಯಾನಿಕ್‌ ಕ್ಯಾಮ್‌ ಬಿಚ್ಚಿ ಕೈಗಿಟ್ಟರು. "ಉಗುರಲ್ಲಿ ಸವರಿ ನೋಡಿ ಸರ್‌. ಈ ತರಿ ಮೇಲೆ ಲೇಪನ ಉಳಿಯಲ್ಲ. ಲೇಪನವೇ ಒರಟಾಗಿದ್ರೆ ಅರದ ಥರ ಕ್ಯಾಮನ್ನೇ ತಿನ್ನುತ್ತೆ. ಕ್ಯಾಮ್‌ ಬೀಡೋ ಉಕ್ಕೋ ನೋಡಿ, ಅದಕ್ಕೆ ಹೊಂದೋ ಟ್ಯಾಪೆಟ್‌ ಹಾಕ್ಬೇಕು."

ಒಂದೇ ಲೈಬ್ರರಿ ಅಪ್‌ಡೇಟ್‌ ಮಾಡಿ ಇಡೀ ಪ್ರಾಜೆಕ್ಟ್‌ ಕೆಡಿಸಿಕೊಂಡವನು ನಾನು, ಇಷ್ಟು ಹೊಳೆಯಬೇಡವೇ?

ಎರಡನ್ನೂ ಹೊಸದಾಗಿ, ಜೋಡಿಯಾಗೇ ಹಾಕಿಸಿದೆ. ಅಪ್ಪ ಕಿಕ್‌ ಹೊಡೆದು, ಸದ್ದಿಗೆ ಕಿವಿಗೊಟ್ಟು ನಿಂತರು. ಆಮೇಲೆ ಗಾಡಿ ಆಫ್‌ ಮಾಡಿ, ಕೀ ನನ್ನ ಕೈಗಿಟ್ಟರು.