ಯಾರ ಪೈಕಿ ನೀನು?

ನಮ್ಮೂರ ಕಡೆ ಹೊಸ ಮುಖ ಕಂಡರೆ ಹಿರಿಯರು ಹೆಸರು ಕೇಳುವುದು ಆಮೇಲೆ. ಮೊದಲ ಪ್ರಶ್ನೆ, "ಯಾರ ಪೈಕಿ ನೀನು?" ಕೇರಳಕ್ಕೆ ಬಂದ ಮೇಲೆ ಇದೇ ಪ್ರಶ್ನೆ "ವೀಟ್ಟುಪೇರ್ ಎಂದಾ?" ಎಂದು ಎದುರಾಯಿತು. ಮನೆತನದ ಹೆಸರೇನು ಅಂತ. ಸ್ಟಾರ್ ವಾರ್ಸ್ ಸರಣಿಯ ಒಂಬತ್ತನೆಯ ಮತ್ತು ಕೊನೆಯ ಸಿನಿಮಾ 'ದಿ ರೈಸ್ ಆಫ್ ಸ್ಕೈವಾಕರ್' ಮುಗಿಯುವುದೂ ಇದೇ ಪ್ರಶ್ನೆಯಿಂದ. ಎರಡು ಸೂರ್ಯರಿರುವ ಮರಳುಗಾಡಿನ ಗ್ರಹದಲ್ಲಿ, ದಾರಿಯಲ್ಲಿ ಹೋಗುತ್ತಿದ್ದ ಮುದುಕಿಯೊಬ್ಬಳು ನಾಯಕಿಯನ್ನು ನೋಡಿ ನಿಲ್ಲುತ್ತಾಳೆ. ಯಾರಮ್ಮ ನೀನು? ರೇ, ಅನ್ನುತ್ತಾಳೆ ಹುಡುಗಿ. ಮುದುಕಿಗೆ ಅಷ್ಟು ಸಾಲದು. ರೇ ಅಂದರೆ, ಯಾವ ರೇ?

1977ರಲ್ಲಿ ಶುರುವಾದ ಕಥೆ ನಲವತ್ತೆರಡು ವರ್ಷ ನಡೆದು ಈ ಪ್ರಶ್ನೆಯ ಮುಂದೆ ಬಂದು ನಿಂತಿತು. ರೇ ಕೊಟ್ಟ ಉತ್ತರದ ಜೊತೆ ನನಗೆ ಇನ್ನೂ ಜಗಳವಿದೆ. ಈ ಬರಹ ಆ ಜಗಳದ್ದೇ. ಸಿನಿಮಾ ನೋಡಬೇಕು ಅಂದುಕೊಂಡಿರುವವರು ಇಲ್ಲಿಗೇ ನಿಲ್ಲಿಸುವುದು ಒಳ್ಳೆಯದು, ಮುಂದೆ ಕಥೆಯೆಲ್ಲ ಬಯಲಾಗುತ್ತದೆ.

ಡಿಸೆಂಬರ್ 20, 2019, ಶುಕ್ರವಾರ. ಕೊಚ್ಚಿಯ ಇಡಪ್ಪಳ್ಳಿಯ ಲುಲು ಮಾಲ್. ಅದೇ ದಿನ ಪೃಥ್ವಿರಾಜ್ ನಟಿಸಿದ 'ಡ್ರೈವಿಂಗ್ ಲೈಸೆನ್ಸ್' ಬಿಡುಗಡೆಯಾಗಿತ್ತು, ಸಲ್ಮಾನ್ ಖಾನ್‌ನ 'ದಬಂಗ್ 3' ಕೂಡ. "ನಿಮ್ಮ ಸುದೀಪ್ ವಿಲನ್ ಆಗಿರೋ ಪಿಕ್ಚರ್ ಬಿಟ್ಟು ಟ್ಯೂಬ್‌ಲೈಟ್ ಹಿಡಿದು ಹೊಡೆದಾಡೋರನ್ನ ನೋಡೋಕೆ ಹೋಗ್ತೀರಲ್ಲ ಸಾರ್" ಎಂದು ಟೀಮಿನ ಹುಡುಗರು ಕಿಚಾಯಿಸಿದರು. 'ಡ್ರೈವಿಂಗ್ ಲೈಸೆನ್ಸ್' ತಾನು ಆರಾಧಿಸುವ ಸ್ಟಾರ್ ಮೇಲೆ ಮುನಿಸಿಕೊಂಡ ಅಭಿಮಾನಿಯೊಬ್ಬನ ಕಥೆ. ಎರಡೂವರೆ ಗಂಟೆ ಕಳೆದು ನಾನು ಹೊರಗೆ ಬಂದಾಗ ಪಕ್ಕದ ಸ್ಕ್ರೀನಿನ ಆ ಅಭಿಮಾನಿಗೂ ನನಗೂ ಹೆಚ್ಚು ವ್ಯತ್ಯಾಸ ಇರಲಿಲ್ಲ.

ನಾನು ಸ್ಟಾರ್ ವಾರ್ಸ್ ಮೊದಲು ನೋಡಿದ್ದು 1999ರಲ್ಲಿ, ಎಂಟೆಕ್ ಹಾಸ್ಟೆಲ್ಲಿನಲ್ಲಿ. ಒಬ್ಬನ ರೂಮಿನಲ್ಲಿ ಕಂಪ್ಯೂಟರ್ ಇತ್ತು, ಇನ್ನೊಬ್ಬ ಯಾರಿಂದಲೋ ವಿಸಿಡಿ ತಂದಿದ್ದ. ಹದಿನಾಲ್ಕು ಇಂಚಿನ ಮಾನಿಟರ್ ಮುಂದೆ ಒಂಬತ್ತು ಜನ. ಅರ್ಧ ಡೈಲಾಗು ಅರ್ಥವಾಗಲಿಲ್ಲ. ಆದರೆ ಚಿಕ್ಕಪ್ಪನ ಹೊಲ ನೋಡಿಕೊಂಡಿದ್ದ ಹುಡುಗನೊಬ್ಬ ಸಂಜೆ ಮನೆಯಿಂದ ಹೊರಗೆ ಬಂದು, ಮುಳುಗುತ್ತಿರುವ ಎರಡು ಸೂರ್ಯರನ್ನು ನೋಡುತ್ತಾ ನಿಲ್ಲುತ್ತಾನೆ, ಜಾನ್ ವಿಲಿಯಮ್ಸ್‌ನ ಸಂಗೀತ ಏಳುತ್ತದೆ. ಅದಕ್ಕೆ ಭಾಷೆ ಬೇಕಿರಲಿಲ್ಲ. ಊರಲ್ಲಿ ಎಷ್ಟೋ ಸಂಜೆ ನಾನು ಹಾಗೆ ಹೈವೇ ಕಡೆ ನೋಡುತ್ತಾ ನಿಂತಿದ್ದೆ. ನಾನೇಕೆ, ಆ ರೂಮಿನಲ್ಲಿದ್ದ ಒಂಬತ್ತೂ ಜನ ನಿಂತಿದ್ದವರೇ.

ಆ ಹುಡುಗ ಲೂಕ್. 1977ರ ಸಿನಿಮಾದಲ್ಲಿ ಅವನು ಒಬ್ಬ ಸಾಮಾನ್ಯ ರೈತರ ಮನೆಯ ಹುಡುಗ. 1980ರ ಎರಡನೇ ಸಿನಿಮಾದಲ್ಲಿ, ಜಗತ್ತನ್ನೇ ನಡುಗಿಸುವ ಡಾರ್ತ್ ವೇಡರ್ ಅವನ ಅಪ್ಪ ಎಂದು ಗೊತ್ತಾಗುತ್ತದೆ. ಮೂರನೆಯದರಲ್ಲಿ ರಾಜಕುಮಾರಿ ಲೇಯಾ ಅವನ ತಂಗಿ. ಅಲ್ಲಿಂದಾಚೆಗೆ ಇಡೀ ಬ್ರಹ್ಮಾಂಡ ಒಂದು ಮನೆತನದ ವ್ಯಾಜ್ಯವಾಯಿತು. ನಮಗೆ ಅದು ಹೊಸದೇನಲ್ಲ, ಮಹಾಭಾರತ ಕೇಳಿ ಬೆಳೆದವರು ದಾಯಾದಿ ಜಗಳ ಅಂದರೆ ಕಿವಿ ನಿಮಿರಿಸುತ್ತೇವೆ. ಆದರೂ ಎರಡು ಸೂರ್ಯರನ್ನು ನೋಡುತ್ತಿದ್ದ ಆ ಹುಡುಗ ಯಾರೋ ದೊಡ್ಡವರ ಮಗನೇ ಆಗಿರಬೇಕಿತ್ತಾ ಎಂಬ ಸಣ್ಣ ಮುಳ್ಳೊಂದು ಉಳಿದಿತ್ತು.

2017ರ ಡಿಸೆಂಬರಿನಲ್ಲಿ ಬಂದ ಎಂಟನೇ ಸಿನಿಮಾ 'ದಿ ಲಾಸ್ಟ್ ಜೆಡೈ' ಆ ಮುಳ್ಳು ತೆಗೆಯಿತು. ಹೊಸ ನಾಯಕಿ ರೇ ಯಾರ ಮಗಳು ಎಂದು ಎರಡು ವರ್ಷ ಅಭಿಮಾನಿಗಳು ತಲೆ ಕೆಡಿಸಿಕೊಂಡಿದ್ದರು. ಲೂಕನ ಮಗಳಾ? ಲೇಯಾಳ ಮಗಳಾ? ನಿರ್ದೇಶಕ ರಿಯಾನ್ ಜಾನ್ಸನ್ ಕೊಟ್ಟ ಉತ್ತರ, ಯಾರ ಮಗಳೂ ಅಲ್ಲ. ಗುಜರಿ ವ್ಯಾಪಾರ ಮಾಡುತ್ತಿದ್ದ ಅವಳ ಅಪ್ಪ ಅಮ್ಮ ಕುಡಿತದ ಕಾಸಿಗೆ ಮಗಳನ್ನು ಮಾರಿಬಿಟ್ಟವರು. ಅದೇ ಸಿನಿಮಾದ ಕೊನೆಯ ದೃಶ್ಯದಲ್ಲಿ, ಶ್ರೀಮಂತರ ಜೂಜಿನ ಊರೊಂದರಲ್ಲಿ ಲಾಯ ಗುಡಿಸುವ ಗುಲಾಮ ಹುಡುಗ ಕೈ ಚಾಚುತ್ತಾನೆ, ಪೊರಕೆ ತಾನಾಗಿ ಅವನ ಕೈಗೆ ಬರುತ್ತದೆ. ಯಾರೂ ಗಮನಿಸುವುದಿಲ್ಲ. ಅವನು ಪೊರಕೆ ಹಿಡಿದು ನಕ್ಷತ್ರಗಳ ಕಡೆ ನೋಡುತ್ತಾನೆ. ಶಕ್ತಿ ಯಾರಪ್ಪನ ಆಸ್ತಿಯೂ ಅಲ್ಲ ಎಂದು ಇದಕ್ಕಿಂತ ಚೆನ್ನಾಗಿ ಹೇಳುವುದು ಹೇಗೆ?

ಇದು ನನಗೆ ಯಾಕೆ ಅಷ್ಟು ತಾಗಿತು ಎಂದು ಹೇಳಲು ನನ್ನ ಐಡಿ ಕಾರ್ಡಿನ ಬಗ್ಗೆ ಒಂದು ಮಾತು. ನಮ್ಮ ಮನೆಯಲ್ಲಿ ಅಡ್ಡಹೆಸರು ಇಲ್ಲ. ಊರಿನ ಮೊದಲ ಅಕ್ಷರ, ಅಪ್ಪನ ಮೊದಲ ಅಕ್ಷರ, ಆಮೇಲೆ ಹೆಸರು. ಕಂಪನಿಯ ಸಾಫ್ಟ್‌ವೇರಿಗೆ ಲಾಸ್ಟ್ ನೇಮ್ ಇಲ್ಲದೆ ಆಗುವುದಿಲ್ಲ. ಹಾಗಾಗಿ ಅಲ್ಲಿ ಅಪ್ಪನ ಹೆಸರು ಹೋಯಿತು. ಇಪ್ಪತ್ತು ವರ್ಷದಿಂದ ಹೊರದೇಶದ ಕ್ಲೈಂಟುಗಳು ನನ್ನನ್ನು ಅಪ್ಪನ ಹೆಸರು ಹಿಡಿದು ಕರೆಯುತ್ತಾರೆ, ಮುಂದೆ ಮಿಸ್ಟರ್ ಸೇರಿಸಿ. ಅಪ್ಪ ಸರ್ಕಾರಿ ಬಸ್ಸಿನ ಡ್ರೈವರ್ ಆಗಿದ್ದವರು. ಕೆಲಸದಲ್ಲಿ ಇದ್ದಷ್ಟು ದಿನ ಅವರನ್ನು ಯಾರೂ ಹೆಸರು ಹಿಡಿದು ಕರೆದದ್ದು ನನಗೆ ನೆನಪಿಲ್ಲ, ಎಲ್ಲರಿಗೂ ಅವರು "ಡ್ರೈವರ್ರು". ಈ ವಿಷಯ ಹೇಳಿದರೆ ಅವರು ಜೋರಾಗಿ ನಗುತ್ತಿದ್ದರು. "ನಾನು ಅರಸೀಕೆರೆ ದಾಟದೆ ಇದ್ರೂ ನನ್ನ ಹೆಸರು ಅಮೇರಿಕದಲ್ಲಿ ಓಡ್ತಾ ಇದೆ ಬಿಡು." ಯಾರ ಪೈಕಿ ಅಂದಾಗ ಹೇಳಿಕೊಳ್ಳುವಂಥ ಮನೆತನ ಇಲ್ಲದವರಿಗೆ ಆ ಪೊರಕೆಯ ಹುಡುಗ ನಮ್ಮವನು ಅನ್ನಿಸುವುದರಲ್ಲಿ ಆಶ್ಚರ್ಯವಿಲ್ಲ.

ಒಂಬತ್ತನೇ ಸಿನಿಮಾ ಇದನ್ನು ವಾಪಸ್ ತೆಗೆದುಕೊಂಡಿತು. ರೇ ಯಾರದೋ ಮಗಳಲ್ಲವಂತೆ, ದುಷ್ಟ ಚಕ್ರವರ್ತಿ ಪಾಲ್ಪಟೀನ್‌ನ ಮೊಮ್ಮಗಳಂತೆ. 1983ರಲ್ಲಿ ಪಾತಾಳಕ್ಕೆ ಬಿದ್ದು ಸತ್ತಿದ್ದ ಆ ಚಕ್ರವರ್ತಿ ಹೇಗೆ ಬದುಕಿ ಬಂದ ಎಂದು ಸಿನಿಮಾ ಸರಿಯಾಗಿ ವಿವರಿಸುವ ಗೋಜಿಗೂ ಹೋಗಲಿಲ್ಲ. ಪೊರಕೆಯ ಹುಡುಗನ ಸುದ್ದಿಯೇ ಇಲ್ಲ. ಹಿಂದಿನ ಸಿನಿಮಾದಲ್ಲಿ ಮುಖ್ಯಳಾಗಿದ್ದ ಮೆಕ್ಯಾನಿಕ್ ರೋಸ್, ಅವಳೂ ಯಾರೂ ಅಲ್ಲದ ಮನೆಯವಳೇ, ಮೂಲೆ ಸೇರಿದಳು. ಆ ಪಾತ್ರ ಮಾಡಿದ ಕೆಲ್ಲಿ ಮೇರಿ ಟ್ರಾನ್‌ಳನ್ನು ಅಭಿಮಾನಿಗಳೆಂದು ಹೇಳಿಕೊಂಡ ಕೆಲವರು ಇಂಟರ್ನೆಟ್ಟಿನಲ್ಲಿ ಎಷ್ಟು ಹಿಂಸಿಸಿದರೆಂದರೆ 2018ರಲ್ಲಿ ಅವಳು ಇನ್‌ಸ್ಟಾಗ್ರಾಮ್‌ನಿಂದ ತನ್ನ ಪೋಸ್ಟುಗಳನ್ನೆಲ್ಲ ಅಳಿಸಿಹಾಕಿದ್ದಳು.

ಪ್ರಾಜೆಕ್ಟ್ ನಡೆಸಿ ಗೊತ್ತಿರುವವರಿಗೆ ಇಲ್ಲಿ ಏನಾಯಿತು ಎಂದು ಬಿಡಿಸಿ ಹೇಳಬೇಕಿಲ್ಲ. ಏಳನೆಯದನ್ನು ಜೆ. ಜೆ. ಏಬ್ರಾಮ್ಸ್ ಮಾಡಿದ, ಎಂಟನೆಯದನ್ನು ಜಾನ್ಸನ್. ಒಂಬತ್ತನೆಯದಕ್ಕೆ ಕಾಲಿನ್ ಟ್ರೆವೊರೊ ಎಂದಿತ್ತು, 2017ರ ಸೆಪ್ಟೆಂಬರಿನಲ್ಲಿ ಅವನು ಹೊರಗೆ ಹೋಗಿ ಏಬ್ರಾಮ್ಸ್ ಮತ್ತೆ ಬಂದ. ಮೂರು ರಿಲೀಸಿಗೂ ಸೇರಿ ಒಂದು ಡಿಸೈನ್ ಇರಲಿಲ್ಲ. ಎರಡನೇ ರಿಲೀಸಿನಲ್ಲಿ ಧೈರ್ಯದ ಬದಲಾವಣೆ ಬಂತು, ಗ್ರಾಹಕರಲ್ಲಿ ಕೆಲವರು ಕೂಗಾಡಿದರು, ಮೂರನೆಯದರಲ್ಲಿ ರೋಲ್‌ಬ್ಯಾಕ್. ರಾಜಕುಮಾರ್ ನಮ್ಮನ್ನು ಅಭಿಮಾನಿ ದೇವರುಗಳು ಎಂದು ಕರೆದರು, ನಾವು ಹಿಗ್ಗಿದೆವು. ಆದರೆ ಎಲ್ಲ ದೇವರ ಎಲ್ಲ ಹರಕೆಯನ್ನೂ ಒಂದೇ ತಟ್ಟೆಯಲ್ಲಿ ಬಡಿಸಲು ಹೊರಟರೆ ಆಗುವುದು ಈ ಸಿನಿಮಾ. 1977ರಲ್ಲಿ ಚೂಬಾಕಾಗೆ ಪದಕ ಕೊಟ್ಟಿಲ್ಲ ಎಂದು ಯಾರೋ ಗೊಣಗಿದ್ದರು, ಅವನಿಗೆ ಈಗ ಪದಕವೂ ಸಿಕ್ಕಿತು.

ಅಷ್ಟಿದ್ದೂ ನಾನು ಎರಡನೇ ಸಲ ನೋಡಿದೆ. ಡಿಸೆಂಬರ್ 26ರಂದು ಕಂಕಣ ಸೂರ್ಯಗ್ರಹಣ, ಕಾಸರಗೋಡಿನ ಚೆರುವತ್ತೂರಿನ ಕಡೆಗೆ ಎಲ್ಲರ ಕಣ್ಣು. ಮರುದಿನ ನಾನು ಉತ್ತರಕ್ಕೆ ಹೋಗುವ ಬದಲು ಎರ್ನಾಕುಲಂನಿಂದ ದಕ್ಷಿಣದ ರೈಲು ಹಿಡಿದು ತಿರುವನಂತಪುರಕ್ಕೆ ಹೋದೆ. ಅಕ್ಕನ ಮಗಳು ಅಲ್ಲಿ ಎಂಎಸ್ಸಿ ಓದುತ್ತಾಳೆ, ಪ್ರಾಜೆಕ್ಟ್ ಮುಗಿಯದೆ ಕ್ರಿಸ್‌ಮಸ್ ರಜೆಗೆ ಊರಿಗೆ ಹೋಗಿರಲಿಲ್ಲ. ತಂಪಾನೂರಿನ ಥಿಯೇಟರಿನಲ್ಲಿ ಅರ್ಧ ಸೀಟು ಖಾಲಿ. ಲೇಯಾ ಪಾತ್ರದ ಕ್ಯಾರಿ ಫಿಶರ್ ತೀರಿಕೊಂಡು ಅವತ್ತಿಗೆ ಸರಿಯಾಗಿ ಮೂರು ವರ್ಷ. ಏಳನೇ ಸಿನಿಮಾಕ್ಕೆ ತೆಗೆದು ಬಳಸದೆ ಬಿಟ್ಟಿದ್ದ ತುಣುಕುಗಳನ್ನು ಜೋಡಿಸಿ ಅವಳ ಪಾತ್ರ ಕಟ್ಟಿದ್ದರು. ಅವಳ ಸಾವಿನ ಸುದ್ದಿ ಕೇಳಿ ಚೂಬಾಕಾ ನೆಲಕ್ಕೆ ಬಿದ್ದು ಅಳುವಾಗ ಕೊಚ್ಚಿಯಲ್ಲಿ ಕಣ್ಣು ಒದ್ದೆಯಾಗಿತ್ತು, ಇಲ್ಲೂ ಆಯಿತು. ಕಥೆ ಎಷ್ಟೇ ಕೆಟ್ಟಿರಲಿ, ಇಪ್ಪತ್ತು ವರ್ಷದ ಒಡನಾಟ ತನ್ನ ಪಾಲು ಕೇಳಿಯೇ ಕೇಳುತ್ತದೆ.

ಹೊರಗೆ ಚಾಯ ಕುಡಿಯುತ್ತಾ ನನ್ನ ದೂರನ್ನೆಲ್ಲ ಹೇಳಿದೆ. ಹುಡುಗಿ ಒಪ್ಪಲಿಲ್ಲ. "ಮಾಮ, ಅವಳು ಯಾರಿಗೆ ಹುಟ್ಟಿದ್ಲು ಅನ್ನೋದು ಅವಳ ಕೈಲಿತ್ತಾ? ಕೊನೇಲಿ ಹೆಸರು ಆರಿಸ್ಕೊಂಡಿದ್ದು ಅವಳೇ ತಾನೆ?" ನಿಜ, ಮುದುಕಿ ಎರಡನೇ ಸಲ ಕೇಳಿದಾಗ ರೇ ದೂರದಲ್ಲಿ ನಿಂತ ಲೂಕ್ ಮತ್ತು ಲೇಯಾರ ಆತ್ಮಗಳನ್ನು ನೋಡಿ, ರೇ ಸ್ಕೈವಾಕರ್ ಅನ್ನುತ್ತಾಳೆ. ಹುಟ್ಟಿನಿಂದ ಬಂದ ಪಾಲ್ಪಟೀನ್ ಹೆಸರು ಬೇಡ, ತನ್ನನ್ನು ತಿದ್ದಿದವರ ಹೆಸರು ಸಾಕು.

ಹುಡುಗಿಯ ಮಾತು ಕೇಳಿ ನನಗೆ ನೆನಪಾದದ್ದು ಕರ್ಣ. ಹಸ್ತಿನಾವತಿಯ ರಂಗದಲ್ಲಿ ಬಿಲ್ಲು ಹಿಡಿದು ನಿಂತವನಿಗೆ ಕೃಪಾಚಾರ್ಯ ಕೇಳಿದ್ದೂ ಕುಲವನ್ನೇ. ಯುದ್ಧಕ್ಕೆ ಮೊದಲು ಕೃಷ್ಣ ಅವನನ್ನು ಒಬ್ಬನನ್ನೇ ಕರೆದು, ನೀನು ಕುಂತಿಯ ಮಗ, ಬಂದರೆ ಸಿಂಹಾಸನ ನಿನ್ನದು ಎಂದ. ಕರ್ಣ ಹೋಗಲಿಲ್ಲ. ಸಾರಥಿಯ ಹೆಂಡತಿ ರಾಧೆ ಎತ್ತಿ ಆಡಿಸಿದವನು ರಾಧೇಯನಾಗಿಯೇ ಉಳಿದ. ಪಂಪನಿಂದ ಹಿಡಿದು ನಮ್ಮ ಊರ ಬಯಲಾಟದವರೆಗೆ ಕನ್ನಡದವರು ಕರ್ಣನ ಕಡೆ ವಾಲುವುದಕ್ಕೆ ಇದೂ ಒಂದು ಕಾರಣ ಅಂದುಕೊಂಡಿದ್ದೇನೆ.

"ಹಾಗಾದ್ರೆ ರೇ ಮಾಡಿದ್ದು ಅದೇ ಅಲ್ವಾ ಮಾಮ?" ಅರ್ಧ ಮಾತ್ರ ಅದೇ, ಅಂದೆ. ಕರ್ಣ ಸಿಂಹಾಸನದ ಹೆಸರು ಬಿಟ್ಟು ಲಗಾಮು ಹಿಡಿದವರ ಹೆಸರು ಇಟ್ಟುಕೊಂಡ. ರೇ ಒಂದು ದೊಡ್ಡ ಮನೆತನದ ಹೆಸರು ಬಿಟ್ಟು ಇನ್ನೊಂದು ದೊಡ್ಡ ಮನೆತನದ ಹೆಸರು ಹಿಡಿದಳು, ಅದೂ ಪೋಸ್ಟರಿನ ಮೇಲೇ ಇರುವ ಹೆಸರು. ಬರೀ ರೇ ಎಂದು ಹೇಳಿ ಆ ಮುದುಕಿಯ ಮುಂದೆ ಸುಮ್ಮನೆ ನಿಂತಿದ್ದರೆ? ಹುಡುಗಿ ಸ್ವಲ್ಪ ಯೋಚಿಸಿ, "ನಿಮಗೆ ಅಪ್ಪನ ಹೆಸರು ಇದೆ, ಅದಕ್ಕೆ ಹಾಗಂತೀರ. ಅವಳಿಗೆ ಯಾರೂ ಇರ್ಲಿಲ್ಲ. ಯಾರೂ ಇಲ್ದೋರಿಗೆ ಒಂದು ಮನೆ ಬೇಕು ಅನ್ಸುತ್ತೆ" ಅಂದಳು. ಇದಕ್ಕೆ ನನ್ನ ಬಳಿ ಉತ್ತರ ಇರಲಿಲ್ಲ, ಈಗಲೂ ಇಲ್ಲ. ಆದರೂ ಪೊರಕೆಯ ಹುಡುಗನಿಗೆ ಅನ್ಯಾಯವಾಯಿತು ಎಂಬ ನನ್ನ ಮಾತು ಹಾಗೇ ಇದೆ.

ಮರುದಿನ ಇಬ್ಬರೂ ತುಂಬಾಕ್ಕೆ ಹೋದೆವು. ಭೂಮಿಯ ಕಾಂತೀಯ ಸಮಭಾಜಕ ರೇಖೆ ಹತ್ತಿರದಲ್ಲಿ ಹಾದುಹೋಗುತ್ತದೆ ಎಂಬ ಕಾರಣಕ್ಕೆ ವಿಕ್ರಮ್ ಸಾರಾಭಾಯಿ ಆರಿಸಿದ ಬೆಸ್ತರ ಹಳ್ಳಿ ಅದು. ಬಿಷಪ್ ಪೀಟರ್ ಬರ್ನಾರ್ಡ್ ಪೆರೇರಾ ಕೇಳಿದಾಗ ಜನ ಮೇರಿ ಮ್ಯಾಗ್ಡಲೀನ್ ಚರ್ಚನ್ನೂ ಮನೆಗಳನ್ನೂ ಬಿಟ್ಟುಕೊಟ್ಟರು. ಆ ಚರ್ಚೇ ಮೊದಲ ಕಚೇರಿ, ಈಗ ಬಾಹ್ಯಾಕಾಶ ಮ್ಯೂಸಿಯಂ. 1963ರ ನವೆಂಬರ್ 21ರಂದು ಅಲ್ಲಿಂದ ಮೊದಲ ರಾಕೆಟ್ ಹಾರಿತು, ನಾಸಾ ಕೊಟ್ಟ ನೈಕಿ-ಅಪಾಚೆ. ಅಲ್ಲಿ ದುಡಿದ ಎಂಜಿನಿಯರುಗಳಲ್ಲಿ ರಾಮೇಶ್ವರದ ದೋಣಿಯವರ ಮಗ ಅಬ್ದುಲ್ ಕಲಾಂ ಒಬ್ಬರು.

ಚರ್ಚಿನ ಹೊರಗೆ ನಿಂತು ಹುಡುಗಿಗೆ ಫೋನಿನಲ್ಲಿ ಒಂದು ಫೋಟೊ ತೋರಿಸಿದೆ. ಆನ್ರಿ ಕಾರ್ತಿಯೇ ಬ್ರೆಸ್ಸನ್ 1966ರಲ್ಲಿ ತುಂಬಾದಲ್ಲಿ ತೆಗೆದದ್ದು. ಸೈಕಲ್ಲಿನ ಕ್ಯಾರಿಯರ್ ಮೇಲೆ ರಾಕೆಟ್ಟಿನ ಮೂತಿ, ಪಕ್ಕದಲ್ಲಿ ಇಬ್ಬರು. ಭಾರತದ ಬಾಹ್ಯಾಕಾಶದ ಕಥೆ ಹೇಳುವವರೆಲ್ಲ ತೋರಿಸುವ ಚಿತ್ರ ಅದು, ಹೆಸರು ಮಾತ್ರ ಯಾರೂ ಹೇಳುವುದಿಲ್ಲ. "ಯಾರು ಮಾಮ ಇವ್ರು?" ಒಬ್ಬರು ವೇಲಪ್ಪನ್ ನಾಯರ್. ಇನ್ನೊಬ್ಬರು ನಮ್ಮ ಹಾಗೇ ಕರ್ನಾಟಕದಿಂದ ಇಲ್ಲಿಗೆ ಕೆಲಸಕ್ಕೆ ಬಂದವರು, ಸಿ. ಆರ್. ಸತ್ಯ. ಹುಡುಗಿಗೆ ಹೆಸರು ಗೊತ್ತಾಗಲಿಲ್ಲ. "ಆಚೆ ಮನೆ ಸುಬ್ಬಮ್ಮನ ಏಕಾದಶಿಯ ಹಾಡು ಗೊತ್ತಲ್ಲ, ಅದನ್ನ ಬರೆದೋರು ಇವ್ರೇ" ಅಂದೆ. ಅವಳು ಫೋನ್ ಕೈಗೆ ತೆಗೆದುಕೊಂಡು ಚಿತ್ರ ಹಿಗ್ಗಿಸಿ, ಸೈಕಲ್ ಪಕ್ಕದಲ್ಲಿದ್ದವರ ಮುಖವನ್ನು ತುಂಬ ಹೊತ್ತು ನೋಡಿದಳು.