ವಯಸ್ಸಿನ ಕಾಲಂ

5 ಫೆಬ್ರವರಿ 2024, ದಬ್ಬೇಘಟ್ಟ
ಮೂವತ್ತು ದಾಟಿದವರ ಸರ್ವೆ. ಬಿಪಿ, ಶುಗರ್ ಅಂದರೆ ಬಾಯಿಬಿಡುತ್ತಾರೆ. ಎದೆಯಲ್ಲಿ ಗಂಟಿದೆಯಾ ಎಂದರೆ ಸೆರಗು ಎಳೆದುಕೊಳ್ಳುತ್ತಾರೆ. ಕೊಬ್ಬರಿ ಅಟ್ಟದ ಕೆಳಗೆ ಕೂತಿದ್ದ ಅಜ್ಜಿ, ವಯಸ್ಸು 71, ಸೊಸೆ ಒಳಗೆ ಹೋಗುವುದನ್ನೇ ಕಾದು ನನ್ನ ಕೈ ಹಿಡಿದು ಎದೆಗಿಟ್ಟುಕೊಂಡರು. ಗಟ್ಟಿ ಗಂಟು, ನೋವಿಲ್ಲ, ಮೇಲಿನ ಚರ್ಮ ಒಳಕ್ಕೆ ಸೆಳೆದಿದೆ. "ಯಾರ್ಗೂ ಹೇಳ್ಬೇಡ ಕಣವ್ವ. ಹೋಗೋ ವಯಸ್ಸಲ್ಲಿ ಕುಯ್ಸಿ ಏನಾಗ್ಬೇಕು?"

12 ಫೆಬ್ರವರಿ
ಹಿಂದಿನ ಬೀದಿಯ ಹುಡುಗಿಗೆ 33. ಮಗುವಿಗೆ ಹಾಲು ಬಿಡಿಸಿ ತಿಂಗಳುಗಳಾದರೂ ಗಂಟು ಕರಗಿಲ್ಲ. "ಹಾಲು ಕಟ್ಕೊಂಡಿರುತ್ತೆ ಬಿಡು, ಈ ವಯಸ್ಸಿಗೆ ಎಲ್ಲೀ ಕ್ಯಾನ್ಸರ್ರು?" ಅಂತ ಅತ್ತೆ. ಅಲ್ಲಿ ವಯಸ್ಸಾಯಿತು ಅಂತ, ಇಲ್ಲಿ ಆಗಿಲ್ಲ ಅಂತ. ಎರಡೂ ಮನೆಯಲ್ಲಿ ನಡೆದಿರುವುದು ತಡವೇ. ಪಶ್ಚಿಮದ ದೇಶಗಳಿಗಿಂತ ನಮ್ಮಲ್ಲಿ ಈ ಕಾಯಿಲೆ ಸುಮಾರು ಹತ್ತು ವರ್ಷ ಮೊದಲೇ ಬರುತ್ತದೆ ಎಂದು ನರ್ಸಮ್ಮ ಅತ್ತೆಯನ್ನು ಕೂರಿಸಿಕೊಂಡು ಹೇಳಿದರು.

6 ಮಾರ್ಚ್
ಬೆಂಗಳೂರು, ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ. ಇಬ್ಬರ ರಿಪೋರ್ಟೂ ಬಂತು. ಅಜ್ಜಿಯದು ಹಾರ್ಮೋನ್ ಪಾಸಿಟಿವ್. ವಯಸ್ಸಾದವರಲ್ಲಿ ಇದೇ ಹೆಚ್ಚು, ಸಾಮಾನ್ಯವಾಗಿ ನಿಧಾನಕ್ಕೆ ಬೆಳೆಯುತ್ತದೆ. ಆಪರೇಷನ್ ಆದ ಮೇಲೆ ದಿನಕ್ಕೊಂದು ಮಾತ್ರೆ, ಕನಿಷ್ಠ ಐದು ವರ್ಷ. ಹುಡುಗಿಯದು ಟ್ರಿಪಲ್ ನೆಗೆಟಿವ್, ಗ್ರೇಡ್ 3. ಎಳೆ ವಯಸ್ಸಿನವರಲ್ಲಿ ಈ ಬಗೆ ಜಾಸ್ತಿ, ಬೆಳೆಯುವುದೂ ಬೇಗ, ಹಾರ್ಮೋನ್ ಮಾತ್ರೆಗೆ ಬಗ್ಗುವುದಿಲ್ಲ. ಮೊದಲು ಕೀಮೋ, ಆಮೇಲೆ ಆಪರೇಷನ್. ಮರುಕಳಿಸುವ ಭಯ ಮೊದಲ ಐದು ವರ್ಷದಲ್ಲೇ ಹೆಚ್ಚಂತೆ. ಅಜ್ಜಿಯ ಬಗೆಯದು ಹತ್ತು ವರ್ಷ ಕಳೆದ ಮೇಲೂ ತಲೆಯೆತ್ತಬಹುದು. ಮನೆತನದಲ್ಲಿ ಬಂದದ್ದಾ ಎಂದು ನೋಡಲು ಹುಡುಗಿಗೆ ಜೀನ್ ಪರೀಕ್ಷೆ ಬರೆದರು. "ಅಕ್ಕ, ಇನ್ನೊಂದು ಮಗು ಆಗುತ್ತಾ?" ಎಂದು ಬಸ್ಸಿನಲ್ಲಿ ಕೇಳಿದಳು. ಕೀಮೋ ಶುರುವಾಗುವ ಮುಂಚೆಯೇ ಡಾಕ್ಟರನ್ನು ಕೇಳಬೇಕಾದ ಮಾತು ಅದು. ನಾಳೆಯೇ ಫೋನ್ ಮಾಡಿಸಬೇಕು.

22 ಮಾರ್ಚ್
ಅಜ್ಜಿಗೆ ಆಪರೇಷನ್ ಆಯಿತು. ಮೂರನೇ ದಿನಕ್ಕೆ "ಅಟ್ಟದ ಕಾಯಿ ಇಳಿಸಿದ್ರಾ?" ಎಂದು ಸೊಸೆಯನ್ನು ವಿಚಾರಿಸಿದರಂತೆ.

ನಾಳೆ ಸಂಘದಲ್ಲಿ ಹೇಳಬೇಕಾದ್ದು: ಮುಂಬೈನ ಟಾಟಾ ಆಸ್ಪತ್ರೆಯವರು ಒಂದೂವರೆ ಲಕ್ಷ ಹೆಂಗಸರನ್ನು 20 ವರ್ಷ ಗಮನಿಸಿ 2021ರಲ್ಲಿ ಫಲಿತಾಂಶ ಪ್ರಕಟಿಸಿದರು. ತರಬೇತಾದ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದ ಮುಟ್ಟಿ ನೋಡಿದ್ದಕ್ಕೇ, 50 ದಾಟಿದವರಲ್ಲಿ ಸ್ತನ ಕ್ಯಾನ್ಸರ್ ಸಾವು ಸುಮಾರು ಶೇ 30ರಷ್ಟು ಇಳಿಯಿತು. ಐವತ್ತರೊಳಗಿನವರಲ್ಲಿ ಹಾಗೆ ಇಳಿಯಲಿಲ್ಲ. ಆದ್ದರಿಂದ ಐವತ್ತಾದವರು ತಪಾಸಣೆ ತಪ್ಪಿಸಬಾರದು; ಚಿಕ್ಕವರು ಗಂಟು ಕೈಗೆ ಸಿಕ್ಕರೆ ಮುಂದಿನ ಕ್ಯಾಂಪ್ ಕಾಯದೆ ಆಸ್ಪತ್ರೆಗೆ ಹೋಗಬೇಕು.