ಮಗನ ಟರ್ಬೊ, ಸೊಸಿ ಬ್ರೇಕು

ಅಮೇರಿಕಾಕ್ಕ ಹೋಗಿ ಬಂದೀನಿ ಅಂದ ಕೂಡಲೇ ನಯಾಗರಾ ನೋಡಿದ್ರೇನು, ಏನು ತಂದ್ರಿ ಅಂತ ಕೇಳತೀರಿ. ನಯಾಗರಾ ನೋಡೇನಿ, ಚಲೋನ ಐತಿ. ಆದ್ರ ಆರು ತಿಂಗಳದಾಗ ಭಾಳ ಹೊತ್ತು ನಾ ಕುಂತದ್ದು ಮಿಶಿಗನ್‌ದಾಗ, ಮಗನ ಮನಿ ಗ್ಯಾರೇಜಿನ್ಯಾಗ, ಒಂದು ಪ್ಲಾಸ್ಟಿಕ್ ಕುರ್ಚಿ ಮ್ಯಾಲ. ಅವ ತನ್ನ ಕಾರಿನ ಟರ್ಬೊ ಬಿಚ್ಚಿ ಅದಕ್ಕಿಂತ ದೊಡ್ಡದು ಹಚ್ಚಿದ. ಮನ್ಯಾಗನ, ತನ್ನ ಕೈಲೇನ. ಆ ಟರ್ಬೊದ ಸಲುವಾಗಿ ಮನ್ಯಾಗ ಮೂರು ವಾರ ಮಾತು ಕಡಿಮಿ ಆಗಿ, ಪಾತ್ರೆ ಸಪ್ಪಳ ಹೆಚ್ಚಾಗಿತ್ತು. ಅದರ ಸುದ್ದಿನ ಇವತ್ತು.

ಆ ಕಡೆ ಮೆಕ್ಯಾನಿಕ್ಕಿನ ಕೂಲಿ ತಾಸಿನ ಲೆಕ್ಕ, ಕೇಳಿದ್ರ ಎದಿ ಝಲ್ ಅಂತೈತಿ. ಅದಕ್ಕ ಭಾಳ ಮಂದಿ ಶನಿವಾರ ಗ್ಯಾರೇಜಿನ ಬಾಗಿಲಾ ಎತ್ತಿ ತಾವ ರಿಪೇರಿಗೆ ಕೂಡ್ರತಾರ. ಮಗಂದು ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐ, 2016ರದ್ದು, ಸೆಕೆಂಡ್ ಹ್ಯಾಂಡ್. ಅದಕ್ಕ 210 ಕುದುರಿ ಶಕ್ತಿ. ಅದರ ಅಣ್ಣ ಗಾಲ್ಫ್ ಆರ್ ಅಂತ ಒಂದೈತಿ, ಅದಕ್ಕ 292. ಎರಡಕ್ಕೂ ಎರಡು ಲೀಟರಿನ ಒಂದ ಮನೆತನದ ಎಂಜಿನ್ನು, ಟರ್ಬೊ ಮಾತ್ರ ಬ್ಯಾರೆ. ತಮ್ಮನ ಟರ್ಬೊಕ್ಕ ಐಎಸ್20 ಅಂತ ಹೆಸರು, ಅಣ್ಣಂದಕ್ಕ ಐಎಸ್38. ಅಣ್ಣನ ಟರ್ಬೊ ತಮ್ಮಗ ಕೂಡ್ರತೈತಿ ಅಂತ ಗೊತ್ತಾದ ಮ್ಯಾಲ ನಮ್ಮ ಹುಡುಗಗ ನಿದ್ದಿ ಎಲ್ಲಿಂದ ಬರಬೇಕು!

ಟರ್ಬೊ ಅಂದ್ರೇನು ಅಂತ ನಿಮಗೂ ಹೇಳಬೇಕಲ್ಲ. ಕಟಗಿ ಒಲಿ ಹೊತ್ತದಿದ್ರ ನಾವು ಊದಗೊಳವಿ ಹಿಡದು ಊದತಿದ್ವಿ. ಗಾಳಿ ಹೋದಷ್ಟು ಉರಿ. ಎಂಜಿನ್ನಿಗೂ ಅಷ್ಟ, ಗಾಳಿ ಹೆಚ್ಚು ತುಂಬಿದ್ರ ಪೆಟ್ರೋಲ್ ಹೆಚ್ಚು ಸುಡತೈತಿ, ಶಕ್ತಿ ಹೆಚ್ಚು ಬರತೈತಿ. ಇಲ್ಲಿ ಚಮತ್ಕಾರ ಏನಂದ್ರ ಊದಾಕ ಯಾರೂ ಬ್ಯಾಡ. ಹೊರಗ ಹೋಗೋ ಹೊಗಿನ ಒಂದು ಚಕ್ರಾ ತಿರಗಸತೈತಿ. ಅದ ಸರಳಿನ ಇನ್ನೊಂದು ತುದಿಗಿರೋ ಚಕ್ರಾ ಹೊರಗಿನ ಗಾಳಿ ಎಳದು, ಒತ್ತಿ, ಒಳಗ ತುಂಬತೈತಿ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ ಅನ್ನೋ ಎಂಜಿನಿಯರ್ ಇದರ ಪೇಟೆಂಟ್ ತಗೊಂಡದ್ದು 1905ರಾಗ. ಚಕ್ರಾ ನೋಡಿದ್ರ ಅಂಗೈಯಾಗ ಹಿಡಸೂವಷ್ಟು. ನಮ್ಮ ಮಿಕ್ಸರ್ ಭಾಳಂದ್ರ ನಿಮಿಷಕ್ಕ 20 ಸಾವಿರ ಸುತ್ತು ಹಾಕತೈತಿ. ಇದು ಒಂದೂವರೆ ಲಕ್ಷ ದಾಟತೈತಂತ! ಅದೂ ಕೆಂಡದಂಥಾ ಹೊಗಿಯೊಳಗ, ಬರೇ ಎಣ್ಣಿ ಪದರದ ಮ್ಯಾಲ.

ಟರ್ಬೊ ಕಾರು ಮೊದಲ ಮಾರಾಟಕ್ಕ ಬಂದದ್ದೂ ಅಮೇರಿಕಾದಾಗನ, 1962ರಾಗ. ಆಗ ಬಂದಿದ್ದ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್ ಅನ್ನೋ ಕಾರಿಗೆ ಪೆಟ್ರೋಲಿನ ಜೋಡಿ ನೀರು ಮತ್ತ ಮಿಥೈಲ್ ಆಲ್ಕೋಹಾಲ್ ಕೂಡಿದ್ದೊಂದು ದ್ರವಾನೂ ತುಂಬಬೇಕಿತ್ತು. ಎಷ್ಟೋ ಮಂದಿ ತುಂಬಲೇ ಇಲ್ಲ. ಕಡೀಕ ಕಂಪನಿಯವರ ಟರ್ಬೊ ತಗದು ಸಾದಾ ಕಾರ್ಬೊರೇಟರ್ ಹಚ್ಚಿ ಕೊಡಬೇಕಾತು. ನನಗೇನೂ ಆಶ್ಚರ್ಯ ಆಗಲಿಲ್ಲ ಬಿಡ್ರಿ. ಫ್ರಿಜ್ಜಿನ್ಯಾಗಿನ ನೀರಿನ ಬಾಟ್ಲಿ ಖಾಲಿ ಮಾಡಿ ಖಾಲಿನ ಇಡೋ ಗಂಡಸರು ಕಾರಿಗೆ ತುಂಬತಾರೇನು?

ಈಗ ಮನಿ ಮಾತಿಗೆ ಬರತೀನಿ. ಟರ್ಬೊದ ಪೆಟ್ಟಿಗಿ ಬಂತು. ಸೊಸಿ ಒಂದ ಮಾತು ಅಂದ್ಲು: "ಹಚ್ಚಕೊ. ಆದ್ರ ಆ ಕಾರಿನ್ಯಾಗ ನನ್ನ ಮಗಳು ಕೂಡ್ರಂಗಿಲ್ಲ." ಮೊಮ್ಮಗಳಿಗೆ ಮೂರು ವರ್ಷ. ದಿನಾ ಮುಂಜಾನೆ ಅದ ಕಾರಿನ್ಯಾಗ ಡೇಕೇರಿಗೆ ಹೋಗಬೇಕು. ಮಗ ಮುಖ ಸಣ್ಣದು ಮಾಡಿದ. ಇಬ್ಬರೂ ನನ್ನ ಮುಖಾ ನೋಡಿದ್ರು. ಅತ್ತಿ ಮಗನ ಕಡೇನ ಅಂತ ಸೊಸಿ ತಿಳಕೊಂಡಿದ್ಲು, ಮಗನೂ ಹಂಗ ತಿಳಕೊಂಡಿದ್ದ.

ನಾ ಓದಿದ್ದು ಪಿಯುಸಿ ಆರ್ಟ್ಸು. ಆದ್ರ ಮಗ ತಾನ ಒಮ್ಮೆ ಹೇಳಿದ್ದ, ವೇಗ ಎರಡು ಪಟ್ಟಾದ್ರ ಬ್ರೇಕಿಗೆ ಕೆಲಸ ನಾಕು ಪಟ್ಟಾಗತೈತಿ ಅಂತ. ಅದನ್ನ ನೆನಪಿಟ್ಟಿದ್ದೆ. "ಕುದುರಿ ಹೆಚ್ಚು ಕಟ್ಟತೀಯಲ್ಲೊ, ಲಗಾಮು ಅದ ಹಳೇದೇನು?" ಅಂದೆ. "ಅವ್ವಾ, ಬ್ರೇಕ್ ಇನ್ನಾ ಚಲೋ ಅದಾವ" ಅಂದ. "ಹಂಗಾರ ಟೈರು ತೋರಸು" ಅಂದೆ. ಮುಂದಿನ ಎರಡೂ ಟೈರು ಸವದು ನಮ್ಮ ಹಳೇ ಚಪ್ಪಲಿಗತೆ ಆಗಿದ್ವು. ಜಿಟಿಐದಾಗ ಎಂಜಿನ್ನಿನ ಶಕ್ತಿಯೆಲ್ಲಾ ಹೋಗೂದ ಮುಂದಿನ ಗಾಲಿಗೆ. ಹೊಳ್ಳಸೂದೂ ಅವ, ಹೆಚ್ಚಿಗಿ ಬ್ರೇಕ್ ಹಿಡಿಯೂದೂ ಅವ.

ಸೊಸಿ ಒಂದು ಹಾಳಿ ತಗೊಂಡು ಬರದ್ಲು. ಮೊದಲ ನಾಕೂ ಟೈರು, ಬ್ರೇಕಿನ ಪ್ಯಾಡು, ಡಿಸ್ಕು, ಬ್ರೇಕ್ ಎಣ್ಣಿ. ಆಮ್ಯಾಲ ಇನ್ಶೂರೆನ್ಸಿನವರಿಗೆ ಫೋನ್ ಮಾಡಿ, ಹಿಂಗ ಬದಲಿ ಮಾಡತೀನಿ ಅಂತ ತಿಳಸೂದು. ಹೊಗಿ ಸ್ವಚ್ಛ ಮಾಡೋ ಕ್ಯಾಟಲಿಟಿಕ್ ಕನ್ವರ್ಟರ್ ಕಿತ್ತು ಒಗಿಯೂ ಹಂಗಿಲ್ಲ. ಎಷ್ಟೋ ಹುಡುಗರು ಅದನ್ನ ತಗದು ಬಿಡತಾರಂತ, ಕಾಯಿದೇಕ ವಿರುದ್ಧ, ಮ್ಯಾಲ ನಾತ. ಇಷ್ಟು ಆದ ಮ್ಯಾಲ ಟರ್ಬೊ. ಹಾಳಿ ಫ್ರಿಜ್ಜಿಗೆ ಅಂಟಿಸಿದ್ಲು. ಇನ್ಶೂರೆನ್ಸ್ ಕಂತು ಏರಿತು, ಟೈರಿಗೆ ರೊಕ್ಕ ಹೋತು. ಟರ್ಬೊ ಎರಡು ತಿಂಗಳು ನೆಲಮಾಳಿಗ್ಯಾಗ ಅಕ್ಕಿ ಚೀಲದ ಬಾಜೂಕ ಕುಂತಿತು. ಮಗ ದಿನಾ ಒಮ್ಮೆ ಇಳದು ನೋಡಿ ಬರತಿದ್ದ.

ಹಚ್ಚೋ ಕೆಲಸಕ್ಕ ಎರಡು ಶನಿವಾರ ಹಿಡೀತು. ಕಾರು ಎತ್ತಿ ನಾಕೂ ಕಡೆ ಸ್ಟ್ಯಾಂಡ್ ಕೊಟ್ಟ. ಬರೇ ಜಾಕಿನ ಮ್ಯಾಲ ನಿಂತ ಕಾರಿನ ಕೆಳಗ ಮೈ ಒಡ್ಡಬಾರದು. ಜಾಕ್ ಜಾರಿದ್ರ ಮುಗೀತು. ಬ್ಯಾಟರಿ ಬಿಚ್ಚಿ, ಕೂಲಂಟ್ ಇಳಿಸಿ, ಗಾಳಿ ಪೈಪು, ಜಳ ತಡಿಯೋ ತಗಡು, ಬಲಗಡೆ ಗಾಲಿ ತಿರಗಸೋ ಸರಳು ಒಂದೊಂದ ತಗದ. ಟರ್ಬೊ ಎಂಜಿನ್ನಿನ ಬೆನ್ನಿಗೆ ಅಂಟಿಕೊಂಡೈತಿ. ಕೈ ಹೋಗಂಗಿಲ್ಲ, ಕಣ್ಣು ಹೋಗಂಗಿಲ್ಲ. ನಾ ಟಾರ್ಚ್ ಹಿಡದೆ. ಬಿಚ್ಚಿದ ನಟ್ಟು ಬೋಲ್ಟು ಕಲಸಬಾರದಂತ ಸೊಸಿ ಹಳೇ ಮಸಾಲಿ ಡಬ್ಬಿ ತಂದು ಕೊಟ್ಲು. ಸಾಸಿವಿ ಬಟ್ಟಲದಾಗ ಕೂಲಂಟ್ ಪೈಪಿಂದು, ಜೀರಗಿ ಬಟ್ಟಲದಾಗ ಎಣ್ಣಿ ಪೈಪಿಂದು! ಆದ್ರೂ 10 ಎಂಎಂ ಸಾಕೆಟ್ ಎರಡು ಸಲ ಕಳೀತು. ಅದು ಎಲ್ಲಾರ ಮನ್ಯಾಗೂ ಕಳಿಯೂದ ಅಂತ.

ನನಗ ಮನಸಿಗೆ ಹತ್ತಿದ್ದು ಸ್ವಚ್ಛದ ಮಾತು. ಎಣ್ಣಿ ಹೋಗೋ ತೂತಿನ್ಯಾಗ ಹಳೇ ಗ್ಯಾಸ್ಕೆಟ್ಟಿನ ಚೂರು, ಅರಿವಿ ಎಳಿ ಬಿದ್ರ ಹೊಸ ಟರ್ಬೊ ಹಾಳು. ಹಂಗಾಗಿ ಬಿಚ್ಚಿದ ಬಾಯಿಗೆಲ್ಲಾ ಟೇಪು ಹಚ್ಚೂದು ನನ್ನ ಕೆಲಸ. ಉಪ್ಪಿನಕಾಯಿ ಭರಣಿ ಕಾದವರಿಗೆ ಇದೇನು ದೊಡ್ಡ ಮಾತಲ್ಲ ಬಿಡ್ರಿ. ಗ್ಯಾಸ್ಕೆಟ್ಟು, ಟರ್ಬೊದ ನಟ್ಟು ಎಲ್ಲಾ ಹೊಸಾವು. ಹೊಸ ಟರ್ಬೊದೊಳಗ ಮೊದಲ ಚಮಚದಷ್ಟು ಹೊಸ ಎಣ್ಣಿ ಬಿಟ್ಟು, ಬೆರಳಲೆ ಚಕ್ರಾ ತಿರಗಿಸಿದ. ಒಣ ಚಕ್ರಾ ಓಡಿದ್ರ ಕ್ಷಣದಾಗ ಸವೀತಾವ. ಆಮ್ಯಾಲ ಲ್ಯಾಪ್‌ಟಾಪ್ ಹಚ್ಚಿ ಎಂಜಿನ್ನಿನ ಕಂಪ್ಯೂಟರಿಗೆ ಹೊಸ ಲೆಕ್ಕ ಕಲಿಸಿದ, ಇಷ್ಟು ಗಾಳಿ ಬಂದ್ರ ಇಷ್ಟು ಪೆಟ್ರೋಲು ಅಂತ. ಆ ಲೆಕ್ಕ ತಪ್ಪಿದ್ರ ಪಿಸ್ಟನ್ನ ಸುಡಬಹುದು.

ಚಾಲೂ ಮಾಡಿದ. ಹೊಗಿ ಬಂತು, ನನಗ ಎದಿ ಹಾರಿತು. ಮ್ಯಾಲ ಚಲ್ಲಿದ್ದ ಎಣ್ಣಿ ಸುಡೂ ಹೊಗಿ ಅದು, ಹತ್ತು ನಿಮಿಷಕ್ಕ ನಿಂತಿತು. ಒಂದು ಪೈಪಿನ ಸಂದಿನ್ಯಾಗ ಕೂಲಂಟ್ ಹನಸತಿತ್ತು. ಆರೂತನಕಾ ಕಾದು ಬಿಗಿ ಮಾಡಿದ.

ಮರುದಿನ ನನ್ನ ಕೂಡಿಸ್ಕೊಂಡು ಹೆದ್ದಾರಿಗೆ ಹೋದ. ಮೊದಲ ಏನೂ ಅನಸಲಿಲ್ಲ. ದೊಡ್ಡ ಚಕ್ರಾ ತಿರಗಾಕ ಸ್ವಲ್ಪ ತಡಾ ಅಂತ. ಆಮ್ಯಾಲ ಯಾರೋ ಬೆನ್ನು ಹಿಡದು ಸೀಟಿಗೆ ಒತ್ತಿದಂಗಾತು. "ಸಾಕೊ" ಅಂದೆ. 70 ಮೈಲಿಗೆ ನಿಲ್ಲಿಸಿದ, ಅಲ್ಲಿ ಅಷ್ಟ ಮಿತಿ. ಸೊಸಿ ಮರುವಾರ ತಾನ ಓಡಿಸಿ ನೋಡಿದ್ಲು. ಖಾಲಿ ರಸ್ತೆದಾಗ ಎರಡು ಸಲ ಬ್ರೇಕ್ ಒತ್ತಿ, ಏನೂ ಅನಲಿಲ್ಲ. ಸೋಮವಾರ ಮಗಳ ಸೀಟು ಆ ಕಾರಿಗೆ ಕಟ್ಟಿದ್ಲು.

ನಮ್ಮ ಕಡೆ ಮನಿ ಮನಿಗಿರೋ ಡೀಸೆಲ್ ಕಾರು, ಬೊಲೆರೊ, ಭಾಳಷ್ಟಕ್ಕ ಟರ್ಬೊ ಇರತೈತಿ. ಮಗನ ಕಾರಿಗೆ ಬಂದ್ ಮಾಡಿದ ಮ್ಯಾಲೂ ನೀರು ತಿರಗಸೋ ಸಣ್ಣ ಪಂಪ್ ಐತಿ. ಹಳೇ ಗಾಡಿಗೆ ಅದೆಲ್ಲಾ ಎಲ್ಲಿಂದ? ಘಾಟ ಹತ್ತಿ ಬಂದ ಕೂಡಲೇ ಕೀಲಿ ತಿರುವಬ್ಯಾಡ್ರಿ ಅಂತ ಮನಿಯವರಿಗೆ ಹೇಳ್ರಿ. ಒಂದೆರಡು ನಿಮಿಷ ಸುಮ್ನ ಚಾಲೂ ಇಟ್ಟು ಬಂದ್ ಮಾಡಲಿ, ಇಲ್ಲಾಂದ್ರ ಟರ್ಬೊದಾಗಿನ ಎಣ್ಣಿ ಸುಟ್ಟು ಕಿಟ್ಟ ಕಟ್ಟತೈತಿ. ಎಣ್ಣಿನೂ ಹೊತ್ತಿಗೆ ಸರಿಯಾಗಿ ಬದಲಿ ಮಾಡಸ್ರಿ.

ಹಳೇ ಟರ್ಬೊ ಒಗದಿಲ್ಲ. ಕಾರು ಮಾರೋ ಕಾಲಕ್ಕ ಅದನ್ನ ತಿರುಗಿ ಹಚ್ಚಿ ಕೊಡಬೇಕಂತ ಸೊಸಿ ಹಾಳ್ಯಾಗ ಕಡೇ ಸಾಲು ಬರದಾಳ. ನಾ ಊರಿಗೆ ಹೊರಡೋ ಮುಂದ ಅದನ್ನ ಸೀಮಿಎಣ್ಣಿಲೆ ಒರಸಿ, ನನ್ನ ಹಳೇ ಕಾಟನ್ ಸೀರಿ ತುಂಡಿನ್ಯಾಗ ಸುತ್ತಿ, ಅಕ್ಕಿ ಚೀಲದ ಬಾಜೂಕನ ಇಟ್ಟು ಬಂದೀನಿ.